ಇಷ್ಟಪಟ್ಟು ತರಿಸಿದ ಬಟ್ಟೆ ಹಾಕಿಕೊಳ್ಳಲು ಧೈರ್ಯ ಬರುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಾಗರದ ಕಡೆಯವರು, ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದೀರಿ. ಫೋನಿನಲ್ಲಿ ನೋಡಿ ಇಷ್ಟಪಟ್ಟು ಸಾಸಿವೆ ಬಣ್ಣದ ಕೋ-ಆರ್ಡ್ ಸೆಟ್, ಅಂದರೆ ಒಂದೇ ಬಟ್ಟೆಯ ಟಾಪು, ಪ್ಯಾಂಟಿನ ಜೋಡಿ, ತರಿಸಿದಿರಿ. ನಾಲ್ಕು ತಿಂಗಳಾದರೂ ಅದು ಬೀರುವಿನಲ್ಲೇ ಇದೆ. ಹಾಕಿಕೊಂಡರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನಿಸುತ್ತದೆ, ನನ್ನದೇ ಅಂತ ಒಂದು ಸ್ಟೈಲ್ ಮಾಡಿಕೊಳ್ಳುವುದು ಹೇಗೆ, ಒಳ್ಳೆ ಬಟ್ಟೆ ಹಾಕಿದರೆ ಆತ್ಮವಿಶ್ವಾಸ ಬರುತ್ತದಾ ಅಂತ ಕೇಳಿದ್ದೀರಿ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಇಲ್ಲೇ ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಸಣ್ಣ ಅಂಗಡಿ ಇದೆ. ಹೊಲಿಗೆಗೆ ಕೂತು ಇಪ್ಪತ್ತು ವರ್ಷದ ಮೇಲಾಯಿತು. ಆತ್ಮವಿಶ್ವಾಸದ ಬಗ್ಗೆ ನಾನು ಹೇಳುವುದೆಲ್ಲ ಅಳತೆ ಟೇಪು ಹಿಡಿದು ನಿಂತಾಗ ಕಂಡದ್ದು.

ಟೇಪು ಸೊಂಟಕ್ಕೆ ಬಂತೆಂದರೆ ಮುಕ್ಕಾಲು ಪಾಲು ಜನ ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. "ಉಸಿರು ಬಿಡಿ ಅಕ್ಕ, ಇಲ್ಲಾಂದ್ರೆ ಊಟ ಆದ್ಮೇಲೆ ಹುಕ್ಕು ಹಾಕೋಕಾಗಲ್ಲ" ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ. ಆಮೇಲೆ ಶುರುವಾಗುತ್ತದೆ. "ನನ್ನ ತೋಳು ದಪ್ಪ, ಮುಚ್ಚೋ ಹಾಗೆ ಹೊಲೀರಿ." "ಬೆನ್ನು ಕಪ್ಪು, ಹಿಂದೆ ಆಳ ಬೇಡ." "ಈಗ ಟೈಟಾಗೇ ಇಡಿ, ಮದುವೆಯೊಳಗೆ ಸಣ್ಣ ಆಗ್ತೀನಿ." ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವವರು, ಕಾಲೇಜಿನಲ್ಲಿ ಪಾಠ ಮಾಡುವವರು, ಹತ್ತು ಆಳುಗಳನ್ನಿಟ್ಟುಕೊಂಡು ಅಡಿಕೆ ತೋಟ ನಡೆಸುವವರು, ಎಲ್ಲರೂ ನನ್ನ ಮುಂದೆ ತಮ್ಮ ಮೈ ಬಗ್ಗೆ ತಪ್ಪು ಮಾಡಿದವರ ಹಾಗೆ ಮಾತಾಡುತ್ತಾರೆ. ಇಷ್ಟು ವರ್ಷವಾದರೂ ಅದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ಒಂದು ಘಟನೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಮದುವೆಗೆ ರವಿಕೆ ಹೊಲಿಸಿದಳು. ಫೋನಿನಲ್ಲಿ ಒಬ್ಬ ನಟಿಯ ಫೋಟೋ ತೋರಿಸಿ "ಥೇಟ್ ಹೀಗೇ ಬೇಕು" ಅಂದಳು. ತೋಳು ಮೈಗೆ ಅಂಟಿದ ಹಾಗೆ, ಅದರ ತುಂಬ ಆರಿ ವರ್ಕ್, ಕೊಕ್ಕೆ ಸೂಜಿಯ ಕಸೂತಿ. ನಾನು ಹಾಗೇ ಹೊಲಿದೆ. ಟ್ರಯಲ್ ನೋಡುವಾಗ ಕೈ ಕೆಳಗೆ ಬಿಟ್ಟು ಕನ್ನಡಿ ಮುಂದೆ ನಿಂತಳು. ತುಂಬ ಚಂದ ಕಂಡಳು. ಮದುವೆಗೆ ನಾನೂ ಹೋಗಿದ್ದೆ. ಹಾರ ಹಾಕುವ ಹೊತ್ತಿಗೆ ಅವಳಿಗೆ ಕೈ ಎತ್ತಲು ಆಗಲಿಲ್ಲ. ಹುಡುಗ ಬೇರೆ ಎತ್ತರ. ಮೊಣಕೈ ಎದೆ ಮಟ್ಟದಿಂದ ಮೇಲೆ ಹೋಗಲೇ ಇಲ್ಲ. ಅವನು ಬಗ್ಗಿದ, ಹೇಗೋ ಹಾರ ಕೊರಳಿಗೆ ಬಿತ್ತು, ಜನ ನಕ್ಕರು, ಅವಳೂ ನಕ್ಕಳು. ಆದರೆ ಆಮೇಲೆ ಊಟದ ಹೊತ್ತಿನವರೆಗೂ ಅವಳು ಎರಡೂ ಕೈಯನ್ನು ಮೈಗೆ ಒತ್ತಿಕೊಂಡೇ ನಿಂತಿದ್ದಳು. ಯಾರು ಮಾತಾಡಿಸಿದರೂ ಅವಳ ಗಮನ ರವಿಕೆಯ ಮೇಲೇ ಇತ್ತು.

ತಪ್ಪು ನನ್ನದೇ. ತೋಳು ಕೂರಿಸುವ ಸುತ್ತನ್ನು, ಅಂದರೆ ಆರ್ಮ್‌ಹೋಲನ್ನು ಜಾಸ್ತಿ ಇಳಿಸಿ ಕತ್ತರಿಸಿದ್ದೆ. ಕಂಕುಳ ಹತ್ತಿರ ಇಳಿಸಿದಷ್ಟೂ ಆರಾಮ ಅಂತ ತುಂಬ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಇಳಿಸಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲೆ ಜಗ್ಗುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಾಗಿದ್ದು, ತೋಳಿನ ತುಂಡು ಸ್ವಲ್ಪ ಅಗಲವಾಗಿದ್ದರೆ ಕೈ ಸಲೀಸಾಗಿ ಆಡುತ್ತದೆ. ಮೇಲೆ ಮಣಿ, ಜರಿ, ಒಳಗೆ ಲೈನಿಂಗ್ ಸೇರಿದರೆ ಬಟ್ಟೆ ಎಳೆದರೂ ಬಗ್ಗುವುದಿಲ್ಲ, ಹಲಗೆಯ ಹಾಗಾಗುತ್ತದೆ. ಫೋಟೋದಲ್ಲಿದ್ದ ನಟಿ ಹಾರ ಹಾಕಬೇಕಾಗಿರಲಿಲ್ಲ, ಸುಮ್ನೆ ನಿಂತರೆ ಸಾಕಿತ್ತು. ಅದು ನನಗೆ ಹೊಳೆಯಬೇಕಿತ್ತು. ಅವತ್ತಿನಿಂದ ಯಾರೇ ಟ್ರಯಲ್‌ಗೆ ಬರಲಿ, ಮೊದಲು ಎರಡೂ ಕೈ ಮೇಲೆತ್ತಿಸುತ್ತೇನೆ. ಕೂರಿಸುತ್ತೇನೆ, ಬಗ್ಗಿಸುತ್ತೇನೆ. ಆಮೇಲೆ ಕನ್ನಡಿ ತೋರಿಸುತ್ತೇನೆ.

ಬಟ್ಟೆಯಿಂದ ಧೈರ್ಯ ಬರುತ್ತದಾ ಅಂತ ಕೇಳಿದಿರಲ್ವಾ? ಬರುತ್ತದೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಇದ್ದ ಧೈರ್ಯವನ್ನು ಬಟ್ಟೆ ಕಿತ್ತುಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ಹುಕ್ಕು ಬಿಟ್ಟೀತಾ, ಪಟ್ಟಿ ಕಾಣುತ್ತಿದೆಯಾ ಅಂತ ಅರ್ಧ ಮನಸ್ಸು ಅಲ್ಲೇ ಇದ್ದರೆ ಎದುರಿನವರಿಗೆ ಉತ್ತರ ಕೊಡಲು ಉಳಿಯುವುದು ಇನ್ನರ್ಧ ಮಾತ್ರ.

ಅಳತೆ ನಂಬರ್ ನೋಡಿ ಅಳುವವರೂ ಇದ್ದಾರೆ. "ನನಗೆ ಎಕ್ಸ್‌ಎಲ್ ಕೂಡ ಆಗಲಿಲ್ಲ" ಅಂತ ಕಣ್ಣು ತುಂಬಿಕೊಂಡು ರೆಡಿಮೇಡ್ ಕುರ್ತಾ ಹಿಡಿದು ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನಮ್ಮ ದೇಶದಲ್ಲಿ ರೆಡಿಮೇಡ್ ಬಟ್ಟೆಯ ಅಳತೆಗಳು ಬಹಳ ಕಾಲ ಅಮೆರಿಕ, ಇಂಗ್ಲೆಂಡಿನ ಪಟ್ಟಿ ನೋಡಿ ಮಾಡಿಕೊಂಡವು. ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್, ನಮ್ಮ ಜನರದ್ದೇ ಮೈ ಅಳತೆ ಬೇಕೆಂದು 6 ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆ ಕೈಗೆತ್ತಿಕೊಂಡಿತು. ಅಂದರೆ ಆ ಪಟ್ಟಿಯೇ ಸರಿಯಿಲ್ಲ ಅಂತ ಬಲ್ಲವರೇ ಒಪ್ಪಿದ ಹಾಗಾಯಿತು. ಹೀಗಿರುವಾಗ ಕುರ್ತಾ ಹಿಡಿಸದಿದ್ದರೆ ನಿಮ್ಮ ಮೈ ಏನು ಮಾಡೀತು?

ಇನ್ನು ಎಲ್ಲರೂ ನೋಡುತ್ತಾರೆ ಅನ್ನುವ ಭಯ. ನನ್ನ ಮಗಳು ಮನಶ್ಶಾಸ್ತ್ರ ಓದುವಾಗ ಒಂದು ಪ್ರಯೋಗದ ಬಗ್ಗೆ ಹೇಳಿದ್ದಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಗಿಲೊವಿಚ್ ಮತ್ತು ಅವರ ಜೊತೆಯವರು ಮಾಡಿದ್ದು, 2000ದಲ್ಲಿ ಪ್ರಕಟವಾಯಿತು. ಬ್ಯಾರಿ ಮ್ಯಾನಿಲೋ ಅನ್ನುವ ಗಾಯಕನ ಮುಖವಿರುವ ಟೀ ಶರ್ಟು ಹಾಕಿಕೊಳ್ಳುವುದೆಂದರೆ ಆಗಿನ ಹುಡುಗರಿಗೆ ಮುಜುಗರ. ಅದನ್ನೇ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಅರ್ಧದಷ್ಟು ಜನ ಶರ್ಟು ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ ಜನ.

ಆದರೆ ನಮ್ಮದು ಕಾರ್ನೆಲ್ ಅಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹತ್ತು ಹೆಜ್ಜೆಗೊಬ್ಬರು ಗುರುತಿನವರು ಸಿಗುತ್ತಾರೆ. ನೋಡುತ್ತಾರೆ, "ಇದೇನೇ ಹೊಸ ವೇಷ" ಅಂತ ಒಂದು ಮಾತೂ ಆಡುತ್ತಾರೆ. "ನಮ್ಮ ಕಡೆ ಇದೆಲ್ಲ ಇಲ್ಲ" ಅಂತಲೂ ಅನ್ನುತ್ತಾರೆ. ಅಂಥ ಮಾತು ಕೇಳಿದಾಗ ನನಗೆ ನಮ್ಮ ಅಜ್ಜಿ ನೆನಪಾಗುತ್ತಾರೆ. ಅವರು ಉಡುತ್ತಿದ್ದದ್ದು ಗೊಬ್ಬೆ ಸೀರೆ, ಹೆಗಲ ಮೇಲೆ ಗಂಟು ಹಾಕಿ. ಗದ್ದೆಯಲ್ಲಿ ಬಗ್ಗಿದರೂ ಸೆರಗು ಜಾರುತ್ತಿರಲಿಲ್ಲ, ಎರಡೂ ಕೈ ಖಾಲಿ. ಈಗ ನಾವು ಸಂಪ್ರದಾಯ ಅಂದುಕೊಂಡಿರುವ, ರವಿಕೆ, ಲಂಗದ ಜೊತೆ ಸೀರೆ ಉಟ್ಟು ಹೊರಗೆ ಓಡಾಡುವ ರೀತಿಯನ್ನು ಬಂಗಾಳದಲ್ಲಿ ರೂಢಿಗೆ ತಂದವರಲ್ಲಿ ಜ್ಞಾನದಾನಂದಿನಿ ದೇವಿ ಮುಖ್ಯರು. ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್‌ನ ಮೊದಲ ಭಾರತೀಯ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರರ ಹೆಂಡತಿ. 1860ರ ದಶಕದಲ್ಲಿ ಗಂಡನ ಜೊತೆ ಬೊಂಬಾಯಿಗೆ ಹೋದಾಗ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಆಗ ಅದೂ ಹೊಸ ವೇಷವೇ. ಮನೆಯಿಂದ ಹೊರಗೆ ಬರಲು ಅವರಿಗೆ ಅಂಥ ಬಟ್ಟೆ ಬೇಕಾಗಿತ್ತು, ಮಾಡಿಕೊಂಡರು.

ಸಿನಿಮಾ ನೋಡಿ ಬಟ್ಟೆ ಹೊಲಿಸುವುದನ್ನು ನಾನು ಯಾವತ್ತೂ ಬೈಯುವುದಿಲ್ಲ. 1994ರಲ್ಲಿ ಮಾಧುರಿ ದೀಕ್ಷಿತ್ ಉಟ್ಟ ನೇರಳೆ ಸೀರೆ ಜನರನ್ನು ಹುಚ್ಚು ಹಿಡಿಸಿತ್ತು. ನಾನಾಗ ಸ್ಕೂಲು ಮುಗಿಸಿಕೊಂಡು ಬಂದು ಅತ್ತೆ ಹತ್ತಿರ ಕಾಜಾ, ಗುಂಡಿ ಕಲಿಯುತ್ತಿದ್ದೆ. ಆ ಬಣ್ಣ ಬೇಕು ಅಂತ ಬಂದವರನ್ನು ಅತ್ತೆ ವಾಪಸ್ ಕಳಿಸಲಿಲ್ಲ. "ಬಣ್ಣ ತೊಗೋ, ಬೆನ್ನು ನಿಂಗೆ ಎಷ್ಟು ಬೇಕೋ ಅಷ್ಟು ಇಡೋಣ" ಅನ್ನುತ್ತಿದ್ದರು. ಅದಕ್ಕೂ ಮುಂಚೆ, 1989ರಲ್ಲಿ, ಮಾಲಾಶ್ರೀ ಕನ್ನಡಕ್ಕೆ ಬಂದಿದ್ದರು. ಆಮೇಲೆ ಕೆಲವು ವರ್ಷ ಪರದೆ ಮೇಲೆ ಅವರು ಪ್ಯಾಂಟು ಹಾಕಿಕೊಂಡು ಗಂಡಸರನ್ನು ಹೊಡೆದು ಕೆಡವುತ್ತಿದ್ದರೆ ಟಾಕೀಸಿನಲ್ಲಿ ನಾವು ಹುಡುಗಿಯರು ಎದ್ದು ನಿಲ್ಲುತ್ತಿದ್ದೆವು. ಪ್ಯಾಂಟು ಕೊಡಿಸುವವರು ನಮ್ಮಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಆದರೆ ವಾಪಸ್ ಬರುವಾಗ ಲಂಗ ದಾವಣಿಯಲ್ಲೇ ಅವರ ಹಾಗೆ ಭುಜ ಹಿಂದಕ್ಕೆ ಹಾಕಿ ನಡೆದದ್ದು ಈಗಲೂ ನೆನಪಿದೆ.

ನನ್ನದೇ ಸ್ಟೈಲ್ ಹೇಗೆ ಅಂದಿರಿ. ಇದಕ್ಕೆ ನನ್ನ ಹತ್ತಿರ ಒಂದೇ ದಾರಿ ಇದೆ. ರವಿಕೆ ಹೊಲಿಸಲು ಬರುವವರು ಅಳತೆಗೆ ಅಂತ ಒಂದು ಹಳೆಯ ರವಿಕೆ ತರುತ್ತಾರೆ. ಅದು ಯಾವತ್ತೂ ಅವರ ಹತ್ತಿರ ಇರುವ ದುಬಾರಿ ರವಿಕೆ ಆಗಿರುವುದಿಲ್ಲ. ಬಣ್ಣ ಹೋಗಿರುತ್ತದೆ, ಕಂಕುಳಲ್ಲಿ ಒಂದು ಸಲ ಹರಿದು ಹೊಲಿಸಿರುತ್ತಾರೆ. "ಇದು ಮಾತ್ರ ನಂಗೆ ಸರಿಯಾಗಿ ಕೂರತ್ತೆ, ಹೀಗೇ ಹೊಲೀರಿ" ಅನ್ನುವಾಗ ಅವರ ದನಿ ಬೇರೆಯೇ ಇರುತ್ತದೆ. ತೋಳು ದಪ್ಪ, ಬೆನ್ನು ಕಪ್ಪು ಅಂದ ದನಿ ಅದಲ್ಲ. ನಿಮ್ಮ ಬೀರುವಿನಲ್ಲೂ ಅಂಥ ಒಂದು ಬಟ್ಟೆ ಇದ್ದೇ ಇರುತ್ತದೆ. ಅದನ್ನು ಹಾಸಿಗೆ ಮೇಲೆ ಹರಡಿ ನೋಡಿ. ಕುತ್ತಿಗೆ ಎಷ್ಟು ಆಳ, ತೋಳು ಎಲ್ಲಿಗೆ ನಿಂತಿದೆ, ಸೊಂಟದಲ್ಲಿ ಎಷ್ಟು ಸಡಿಲ, ಬಟ್ಟೆ ಹತ್ತಿಯೋ ರೇಯಾನೋ. ಮುಂದೆ ಯಾವ ಟ್ರೆಂಡ್ ಬಂದರೂ ಅದನ್ನು ಈ ಅಳತೆಗೆ ತನ್ನಿ.

ನಮ್ಮ ಊರಿನ ಮಳೆಯನ್ನೂ ಲೆಕ್ಕಕ್ಕೆ ತೊಗೊಳ್ಳಿ. ನೆಲ ಮುಟ್ಟುವ ಅಗಲ ಪ್ಯಾಂಟು ರೀಲ್ಸ್‌ನಲ್ಲಿ ಚಂದ, ಜುಲೈನಲ್ಲಿ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಮೊಣಕಾಲವರೆಗೆ ಕೆಸರು. ಎರಡು ಇಂಚು ಮೇಲೆ ಮಡಚಿ ಹೊಲಿಸಿದರೆ ಅದೇ ಪ್ಯಾಂಟು ನಿಮ್ಮದಾಗುತ್ತದೆ. ಹೆಗ್ಗೋಡಿನ ಚರಕ ಅನ್ನುವ ಹೆಂಗಸರ ಸಹಕಾರ ಸಂಘದಲ್ಲಿ ನಮ್ಮ ಹಳ್ಳಿಯ ಹೆಂಗಸರೇ ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಸಿಗುವ ಕೆಂಪು ರಸ) ಗಿಡಮೂಲದ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ಮಾಡುತ್ತಾರೆ. ನಿಮ್ಮ ಊರಿಗೆ ಹತ್ತಿರ, ಒಂದು ಸಲ ಹೋಗಿ ಮುಟ್ಟಿ ನೋಡಿ. ಸಾಸಿವೆ ಬಣ್ಣದ ಜೊತೆ ಆ ಕೆಂಗಂದು ಬಣ್ಣ ತುಂಬ ಹೊಂದುತ್ತದೆ.

ಚೊಗರು ಅಂದಾಗ ಅಮ್ಮನ ನೆನಪು. ಕೊಯ್ಲಿನ ಕಾಲದಲ್ಲಿ ಅಮ್ಮ ಅಡಿಕೆ ಸುಲಿಯಲು ಹೋಗುತ್ತಿದ್ದರು. ಸೀರೆ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು. ಹಸಿ ಅಡಿಕೆಯ ಕಲೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಅದಕ್ಕೆ. ಈಗಲೂ ಹಾಗೇ ಹಾಕಿಕೊಳ್ಳುತ್ತಾರೆ. ರಾತ್ರಿ ಲೈಟಿನ ಕೆಳಗೆ ಹತ್ತಾರು ಹೆಂಗಸರು ಮೆಟ್ಟುಗತ್ತಿ ಮೇಲೆ ಕೂತು, ಗಂಡನ ಶರ್ಟು, ಅಣ್ಣನ ಶರ್ಟು, ಜೋರು ಮಾತು, ಜೋರು ನಗು. ಪ್ಯಾರಿಸ್‌ನಲ್ಲಿ ಈವ್ ಸಾಂ ಲೊರಾಂ ಅನ್ನುವ ಡಿಸೈನರ್ 1966ರಲ್ಲಿ ಗಂಡಸರ ಸೂಟನ್ನು ಹೆಂಗಸರಿಗೆ ಹೊಲಿದದ್ದು ದೊಡ್ಡ ಸುದ್ದಿಯಾಯಿತು. ನಮ್ಮ ಅಂಗಳದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆ ಶರ್ಟಿಗೆ ಜೇಬಿತ್ತು. ಸುಲಿದ ಲೆಕ್ಕದ ದುಡ್ಡನ್ನು ಅಮ್ಮ ಅದರೊಳಗೆ ಇಟ್ಟು, ಮೇಲೆ ಅಂಗೈ ತಟ್ಟಿ ಮನೆಗೆ ಬರುತ್ತಿದ್ದರು. ಸೀರೆಯಲ್ಲಿ ಇಟ್ಟುಕೊಳ್ಳಲು ಸೊಂಟದ ಗಂಟು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ನಾನು ಹೊಲಿಯುವ ಪ್ರತಿ ಕುರ್ತಾಕ್ಕೂ ಕೇಳದಿದ್ದರೂ ಜೇಬು ಇಡುತ್ತೇನೆ.

ತಂಗೀ, ಇವತ್ತು ಸಂಜೆ ಆ ಸಾಸಿವೆ ಸೆಟ್ ಹೊರಗೆ ತೆಗೆಯಿರಿ. ಹಾಕಿಕೊಂಡು, ಕನ್ನಡಿಗೆ ಬೆನ್ನು ಮಾಡಿ ಎರಡೂ ಕೈ ಮೇಲೆತ್ತಿ. ಎಲ್ಲಿ ಜಗ್ಗುತ್ತದೆ ಅನ್ನುವುದನ್ನು ಮೈಯೇ ಹೇಳುತ್ತದೆ. ಆಮೇಲೆ ಒಳಗೆ ತಿರುಗಿಸಿ ಸೈಡಿನ ಹೊಲಿಗೆ ನೋಡಿ, ಅರ್ಧ ಇಂಚು ಮಾರ್ಜಿನ್ ಇದ್ದರೂ ಬಿಡಿಸಬಹುದು. ಇಲ್ಲದಿದ್ದರೆ ಕಂಕುಳ ಕೆಳಗೆ ಅದೇ ಬಣ್ಣದ ಸಣ್ಣ ಚೌಕ ತುಂಡು ಕೂರಿಸಲು ಹತ್ತಿರದ ಟೈಲರ್‌ಗೆ ಹೇಳಿ, ಹೊರಗೆ ಕಾಣುವುದಿಲ್ಲ. ಸೈಡ್ ಹೇಗೂ ಬಿಚ್ಚಿರುತ್ತಾರೆ, ಬಲಗಡೆ ಒಂದು ಜೇಬೂ ಇಡಿಸಿಕೊಳ್ಳಿ. ಫೋನ್ ಹಿಡಿಸುವಷ್ಟು ಆಳ ಇರಲಿ.