ಸ್ಕ್ರೀನ್ ಒರೆಸುವ ಮುನ್ನ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಸ್ಕ್ರೀನಿನ ಕಲೆ, ಜಿಡ್ಡು, ಮಸುಕಿನ ದೂರುಗಳೇ ಹೆಚ್ಚು. ಕೇಳಿದವರು ಮುಂಬಯಿ, ಪುಣೆ, ಗೋವಾದ ಓದುಗರು. ಊರು ಬದಲಾದ ಹಾಗೆ ಕಲೆಯ ಕಾರಣವೂ ಬದಲಾಗುತ್ತದೆ. ಹಾಗಾಗಿ ಈ ಸಲದ ಜಾಗವನ್ನೆಲ್ಲ ಇದೊಂದೇ ವಿಷಯಕ್ಕೆ ಬಿಟ್ಟಿದ್ದೇವೆ.

ಪ್ರಶ್ನೆ: ಮಗಳ ಲ್ಯಾಪ್‌ಟಾಪ್ ಸ್ಕ್ರೀನ್ ತುಂಬ ಬೆರಳಿನ ಗುರುತು. ಕಿಟಕಿ ಗಾಜಿಗೆ ಹೊಡೆಯುವ ನೀಲಿ ಸ್ಪ್ರೇ ಮನೆಯಲ್ಲಿದೆ. ಅದನ್ನೇ ಹೊಡೆದು ಟಿಶ್ಯೂ ಪೇಪರಿನಿಂದ ಒರೆಸಿದರೆ ಆದೀತೇ?
— ಗೃಹಿಣಿ, ಡೊಂಬಿವಲಿ

ಉತ್ತರ: ಬೇಡ, ಎರಡೂ ಬೇಡ. ನೋಡಲು ಗಾಜಿನ ಹಾಗಿದ್ದರೂ ಎಲ್ಲ ಸ್ಕ್ರೀನಿನ ಮೇಲ್ಪದರ ಗಾಜಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಟ್ಯೂಬಿನ ಅಂಚು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿದ್ದರೆ ಅದು ಗ್ಲಾಸಿ ಸ್ಕ್ರೀನ್. ಬೆಳಕು ಹರಡಿಕೊಂಡು ಮಬ್ಬು ಪಟ್ಟಿಯಂತೆ ಕಂಡರೆ ಮ್ಯಾಟ್. ಮ್ಯಾಟ್ ಸ್ಕ್ರೀನಿನಲ್ಲಿ ನಿಮ್ಮ ಬೆರಳಿಗೆ ತಾಗುವುದು ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆ. ಬೆಳಕನ್ನು ಚದುರಿಸಲೆಂದು ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳ ಲೇಪ ಇರುತ್ತದೆ. ಒಂದೇ ಜಾಗದಲ್ಲಿ ಒತ್ತಿ ಉಜ್ಜಿದರೆ ಆ ಉಬ್ಬುಗಳು ಸವೆದು ಅಲ್ಲೊಂದು ಮಿರಿಮಿರಿ ಮಚ್ಚೆ ಉಳಿಯುತ್ತದೆ. ಅದು ಮತ್ತೆ ಹೋಗುವುದಿಲ್ಲ. ಟಚ್ ಸ್ಕ್ರೀನಿಗೆ ಸಾಮಾನ್ಯವಾಗಿ ಗಾಜೇ ಇರುತ್ತದೆ. ಆದರೆ ಅದರ ಮೇಲೂ ಜಿಡ್ಡು ಅಂಟದ ಹಾಗೆ ತೆಳುವಾದ ಲೇಪ ಕೊಟ್ಟಿರುತ್ತಾರೆ. ಕಿಟಕಿ ಸ್ಪ್ರೇಯಲ್ಲಿ ಇರಬಹುದಾದ ಅಮೋನಿಯಾ, ಜೊತೆಗೆ ಅಸಿಟೋನ್, ಬ್ಲೀಚ್ ಇರುವ ಯಾವುದೂ ಈ ಲೇಪಗಳಿಗೆ ಆಗಿಬರುವುದಿಲ್ಲ. ಇನ್ನು ಟಿಶ್ಯೂ, ಪತ್ರಿಕೆಯ ಹಾಳೆ: ಎರಡೂ ಮರದ ನಾರಿನಿಂದ ಆದವು, ನವಿರಾದ ಗೀರು ಬೀಳಿಸುತ್ತವೆ, ಹಿಂಜಿಯನ್ನೂ ಬಿಡುತ್ತವೆ.

ಬೇಕಾದ್ದು ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಒದ್ದೆಗೆ, ಇನ್ನೊಂದು ಒಣಗಿಸಲು. ಕನ್ನಡಕದ ಅಂಗಡಿಯವರು ಡಬ್ಬಿಯೊಳಗಿಟ್ಟು ಕೊಡುವ ಬಟ್ಟೆ ಹೊಸದಾಗಿದ್ದರೆ ಅದೂ ನಡೆಯುತ್ತದೆ. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, 10–15 ನಿಮಿಷ ಆರಲು ಬಿಡಿ. ಬೆಚ್ಚಗಿರುವ ಸ್ಕ್ರೀನ್ ಮೇಲೆ ನೀರು ಒರೆಸುವ ಮೊದಲೇ ಆರಿ ಗೆರೆ ಕಟ್ಟುತ್ತದೆ. ಕಪ್ಪಾದ ಸ್ಕ್ರೀನಿನಲ್ಲಿ ಜಿಡ್ಡು ಎಲ್ಲಿದೆಯೆಂದು ಚೆನ್ನಾಗಿ ಕಾಣುವುದು ಇನ್ನೊಂದು ಅನುಕೂಲ. ಮೊದಲು ಧೂಳು ಹೋಗಬೇಕು. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್ ಅಥವಾ ಮೆತ್ತನೆಯ ಬ್ರಷ್ ಸಾಕು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಆಮೇಲೆ ಒಣ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆಯಿರಿ. ಅರ್ಧಕ್ಕರ್ಧ ಗುರುತು ಇಷ್ಟಕ್ಕೇ ಹೋಗುತ್ತದೆ.

ಉಳಿದದ್ದಕ್ಕೆ ಇನ್ನೊಂದು ಬಟ್ಟೆಯ ಒಂದು ಮೂಲೆಗೆ ಐದಾರು ಹನಿ ಡಿಸ್ಟಿಲ್ಡ್ ವಾಟರ್ (ಆವಿ ಮಾಡಿ ತಣಿಸಿದ, ಲವಣವಿಲ್ಲದ ನೀರು) ಹಾಕಿ. ನೀರು ಬಟ್ಟೆಗೆ, ಸ್ಕ್ರೀನಿಗೆ ಎಂದೂ ಅಲ್ಲ. ಅಂಗೈಗೆ ಒತ್ತಿದರೆ ತಂಪು ಹತ್ತಬೇಕು, ನೀರು ಮೂಡಬಾರದು. ಒದ್ದೆ ಅಷ್ಟೇ ಇರಲಿ. ಜಿಡ್ಡು ಗಟ್ಟಿಯಾಗಿರುವ ಕಡೆ ಬಟ್ಟೆಯನ್ನು ಹತ್ತು ಸೆಕೆಂಡ್ ಸುಮ್ಮನೆ ತಾಗಿಸಿ ಹಿಡಿಯಿರಿ. ಅದು ಮೆತ್ತಗಾದ ಮೇಲೆ ಎಳೆದರೆ ಒತ್ತಡ ಬೇಕಾಗುವುದೇ ಇಲ್ಲ. ತೇವ ಆರುವ ಮೊದಲೇ ಒಣ ಬಟ್ಟೆ ಆಡಿಸಿ. ಇಷ್ಟು ಹೊತ್ತೂ ಎಡಗೈ ಲ್ಯಾಪ್‌ಟಾಪ್ ಮುಚ್ಚಳದ ಬೆನ್ನಿಗೆ ಆಸರೆಯಾಗಿರಲಿ. ಇಲ್ಲದಿದ್ದರೆ ಒತ್ತಡವೆಲ್ಲ ಪ್ಯಾನೆಲ್ ಮತ್ತು ಹಿಂಜ್ ಮೇಲೆ ಬೀಳುತ್ತದೆ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಮಾನಿಟರ್ ಒರೆಸಿದ ಎರಡೇ ದಿನಕ್ಕೆ ಮತ್ತೆ ಮಂಜು ಕವಿದ ಹಾಗಾಗುತ್ತದೆ. ದಿನಾ ಒಣ ಬಟ್ಟೆಯಿಂದ ಒರೆಸಿ ಒರೆಸಿ ಈಗ ಸಣ್ಣ ಗೀರುಗಳು ಕಾಣುತ್ತಿವೆ. ಬಟ್ಟೆಯ ದೋಷವೇ?
— ವಾಸ್ಕೋ, ಗೋವಾ

ಉತ್ತರ: ದೋಷ ಬಟ್ಟೆಯದ್ದಲ್ಲ, ಅದರಡಿ ಸಿಕ್ಕಿಕೊಂಡ ಉಪ್ಪು ಮತ್ತು ಮರಳಿನದು. ಕಡಲ ಗಾಳಿ ತರುವ ಉಪ್ಪು ಸ್ಕ್ರೀನ್ ಮೇಲೆ ತೆಳ್ಳಗೆ ಕೂರುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಇಲ್ಲಿ ಆಗುವುದೂ ಅದೇ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ನಿಮಗೆ ಕಾಣುವ ಮಂಜು ಅದೇ. ಏಸಿ ಹಾಕಿ ಗಾಳಿ ಒಣಗಿತೆಂದರೆ ಅದು ಮತ್ತೆ ಹರಳಾಗುತ್ತದೆ. ಉಪ್ಪಿನ ಹರಳು ಗಾಜಿಗಿಂತ ಮೆದು, ಆದರೆ ಮ್ಯಾಟ್ ಸ್ಕ್ರೀನಿನ ಲೇಪಕ್ಕೆ ಅಷ್ಟು ಸಾಕು. ಮರಳಿನ ಕಣವಂತೂ ಗಾಜನ್ನೂ ಬಿಡುವುದಿಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ಮರಳಿನ ಸ್ಫಟಿಕ 7, ಮಾಮೂಲಿ ಗಾಜು 5.5ರ ಆಸುಪಾಸು.

ಹಾಗಾಗಿ ಮೇಲಿನ ಉತ್ತರದಲ್ಲಿ ಹೇಳಿದ ಒಣ ಒರೆಸುವಿಕೆಯನ್ನು ಕಡಲ ತೀರದವರು ಪೂರ್ತಿ ಬಿಟ್ಟುಬಿಡಿ. ಬ್ಲೋವರಿನಿಂದ ಗಾಳಿ ಹೊಡೆದು ಮರಳು, ಕೆಂಪು ಧೂಳು ಉದುರಿಸಿ. ನಂತರ ನೇರವಾಗಿ ತೇವದ ಬಟ್ಟೆಯನ್ನೇ ತಾಗಿಸಿ. ಉಪ್ಪು ನೀರಿನಲ್ಲಿ ಕರಗಿ ಬಟ್ಟೆಗೆ ಬರುತ್ತದೆ, ಉಜ್ಜುವ ಕೆಲಸವೇ ಇಲ್ಲ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿಕೊಳ್ಳಿ. ಅದೇ ಮಗ್ಗುಲಿನಿಂದ ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ಎತ್ತಿದ ಉಪ್ಪನ್ನೇ ಮತ್ತೆ ಹಚ್ಚಿದ ಹಾಗೆ. ದಿನಾ ಒರೆಸುವುದೂ ಬೇಡ, ವಾರಕ್ಕೊಮ್ಮೆ ಸಾಕು. ರಾತ್ರಿ ಒಂದು ಹಳೇ ತೆಳು ಪಂಚೆಯನ್ನು ಮಾನಿಟರ್ ಮೇಲೆ ಹೊದಿಸಿಟ್ಟರೆ ಕೂರುವ ಉಪ್ಪೇ ಕಡಿಮೆಯಾಗುತ್ತದೆ. ಮಾನಿಟರ್ ಆಫ್ ಆಗಿ ಆರಿದ ಮೇಲೆ ಹೊದಿಸಿ.

ಈಗ ಬಿದ್ದಿರುವ ಗೀರಿಗೆ ಮದ್ದಿಲ್ಲ. ಟೂತ್‌ಪೇಸ್ಟ್, ವ್ಯಾಸಲೀನ್ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಟೂತ್‌ಪೇಸ್ಟ್ ಉಜ್ಜಿ ಸವೆಸುವ ಪದಾರ್ಥ, ಇನ್ನಷ್ಟು ಗೀರು ತರುತ್ತದೆ. ವ್ಯಾಸಲೀನ್ ಗೀರನ್ನು ಎರಡು ದಿನ ಮರೆಮಾಡಿ ಧೂಳನ್ನು ಕರೆದು ಕೂರಿಸುತ್ತದೆ.

ಪ್ರಶ್ನೆ: ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು. ಒರೆಸಿದ ಮೇಲೆ ಸ್ಕ್ರೀನ್ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಕುದಿಸಿದ ನೀರು, ಆರ್‌ಓ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು — ಯಾವುದು ಸರಿ?
— ಸಾಫ್ಟ್‌ವೇರ್ ಉದ್ಯೋಗಿ, ಹಿಂಜವಡಿ, ಪುಣೆ

ಉತ್ತರ: ಬೋರ್‌ವೆಲ್‌ನಿಂದ ತುಂಬಿಸಿ ತರುವ ಟ್ಯಾಂಕರ್ ನೀರು ಬಹುಮಟ್ಟಿಗೆ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಉಳಿಯುತ್ತವೆ. ಬಕೆಟ್ಟಿನ ಒಳಗೋಡೆಗೆ, ಗೀಸರಿಗೆ ಕಟ್ಟುವ ಬಿಳಿ ಪದರವೇ ಸ್ಕ್ರೀನಿನ ಚುಕ್ಕೆ. ಕುದಿಸಿದರೆ ಲವಣದಲ್ಲಿ ಒಂದಂಶ ಮಾತ್ರ ತಳ ಹಿಡಿಯುತ್ತದೆ, ಉಳಿದದ್ದು ನೀರಲ್ಲೇ ಇರುತ್ತದೆ. ಆರ್‌ಓ ನೀರು ಪರವಾಗಿಲ್ಲ. ಅದರಲ್ಲೂ ರುಚಿಗಾಗಿ ಸ್ವಲ್ಪ ಖನಿಜ ಬಿಟ್ಟಿರುತ್ತಾರಾದರೂ ಕೂಡಲೇ ಒಣಗಿಸಿದರೆ ಕಲೆ ಕಾಣದು. ಏಸಿ ನೀರಿನಲ್ಲಿ ಲವಣ ಕಡಿಮೆಯೇನೋ ಹೌದು, ಆದರೆ ಅದು ಕಾಯಿಲ್ ಮೇಲಿನ ಧೂಳು, ಬೂಷ್ಟನ್ನೆಲ್ಲ ತೊಳೆದುಕೊಂಡು ಬಂದಿರುತ್ತದೆ. ಅದು ಬೇಡ.

ಸರಿಯಾದದ್ದು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕಲು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ತಂದರೆ ವರ್ಷಕ್ಕೂ ಮುಗಿಯದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇದೇ ಬಗೆಯ ಕ್ಯಾನಿನಲ್ಲಿ ಇರಬಹುದು. ಅದು ಗಂಧಕಾಮ್ಲ, ಚರ್ಮ ಕಣ್ಣು ಸುಡುತ್ತದೆ. ಲೇಬಲ್ ಓದಿ, ಸೀಲ್ ಒಡೆಯದ ಬಾಟಲಿಯನ್ನೇ ತನ್ನಿ. ಬಿಡಿಯಾಗಿ ಸುರಿದು ಕೊಡುವುದನ್ನು ತರಬೇಡಿ.

ಪ್ರಶ್ನೆ: ಆಫೀಸಿನ ಮಾನಿಟರನ್ನು ಹ್ಯಾಂಡ್ ಸ್ಯಾನಿಟೈಸರಿನಿಂದ ಒರೆಸುತ್ತೇವೆ. ಅಂಟಂಟಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದೆಂದು ಕೇಳಿದೆ. ಎಷ್ಟು ಬೆರೆಸಬೇಕು?
— ಅಕೌಂಟೆಂಟ್, ಪಿಂಪ್ರಿ

ಉತ್ತರ: ಕೈ ಒಣಗದಿರಲೆಂದು ಸ್ಯಾನಿಟೈಸರಿಗೆ ಗ್ಲಿಸರಿನ್ ಹಾಕಿರುತ್ತಾರೆ, ಜೆಲ್ ಆದರೆ ಮಂದವಾಗಲು ಬೇರೆ ಪದಾರ್ಥವೂ ಸೇರಿರುತ್ತದೆ. ಆಲ್ಕೋಹಾಲ್ ಹಾರಿಹೋಗಿ ಇವು ಉಳಿಯುತ್ತವೆ. ಅಂಟು ಅದರದ್ದೇ.

ಐಸೋಪ್ರೊಪೈಲ್ ಆಲ್ಕೋಹಾಲನ್ನು ಎಣ್ಣೆ ಜಿಡ್ಡು ನೀರಿಗೆ ಬಗ್ಗದಿದ್ದಾಗ ಮಾತ್ರ ಬಳಸಿ. ಶೇ. 99ರದ್ದು ಸಿಕ್ಕಿದರೆ 25 ಮಿ.ಲೀ. ಅದಕ್ಕೆ 25 ಮಿ.ಲೀ. ಡಿಸ್ಟಿಲ್ಡ್ ವಾಟರ್. ಶೇ. 70ರದ್ದಾದರೆ 35 ಮಿ.ಲೀ.ಗೆ 15 ಮಿ.ಲೀ. ನೀರು ಸೇರಿಸಿದರೆ ಹೆಚ್ಚುಕಡಿಮೆ ಅದೇ ಅರ್ಧಕ್ಕರ್ಧ ಹದ ಬರುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಠೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಕೊಳ್ಳುವುದು ಇದನ್ನೇ. ಮೊದಲು ಕೈಪಿಡಿ ನೋಡಿ, ಏಕೆಂದರೆ ಕಂಪನಿಗಳ ಮಾತು ಒಂದೇ ಅಲ್ಲ. ಆಪಲ್ ತನ್ನ ಸಾಮಾನ್ಯ ಸ್ಕ್ರೀನಿಗೆ ಶೇ. 70ರ ಐಸೋಪ್ರೊಪೈಲ್ ವೈಪ್ ಆಗಬಹುದು ಎನ್ನುತ್ತದೆ. ಅದರದೇ ನ್ಯಾನೊ-ಟೆಕ್ಸ್‌ಚರ್ (ಪ್ರತಿಫಲನ ತಗ್ಗಿಸಲು ಮೇಲ್ಮೈ ಕೊರೆದ) ಗಾಜಿಗೆ ಜೊತೆಯಲ್ಲಿ ಕೊಟ್ಟ ಬಟ್ಟೆಯನ್ನೇ ಬಳಸಬೇಕು ಎನ್ನುತ್ತದೆ. ಕೈಪಿಡಿ ಆಲ್ಕೋಹಾಲ್ ಬೇಡವೆಂದರೆ ಬೇಡ. ಒಪ್ಪಿದ್ದರೂ ಮೊದಲು ಕೆಳಮೂಲೆಯಲ್ಲಿ ಒಂದು ಕಾಳಿನಷ್ಟು ಜಾಗದಲ್ಲಿ ಪರೀಕ್ಷಿಸಿ, ಆರಿದ ಮೇಲೆ ಮಬ್ಬು ಕಾಣದಿದ್ದರೆ ಮುಂದುವರಿಯಿರಿ.

ಇದರ ಆವಿ 12 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಬೆಂಕಿ ಹಿಡಿಯುವಂಥದ್ದು. ದೇವರ ದೀಪ, ಗ್ಯಾಸ್ ಒಲೆ, ಊದುಬತ್ತಿ ಉರಿಯುವ ಕೋಣೆಯಲ್ಲಿ ಬಾಟಲಿ ತೆರೆಯಲೇಬೇಡಿ.

ಪ್ರಶ್ನೆ: ಒಂದೇ ಕೋಣೆಯ ಮನೆ. ಒಗ್ಗರಣೆಯ ಹೊಗೆ ನೇರ ಕಂಪ್ಯೂಟರಿಗೇ. ಸ್ಕ್ರೀನ್ ಹಳದಿ ಜಿಡ್ಡಾಗಿದೆ, ನೀರಿಗೆ ಹೋಗುತ್ತಿಲ್ಲ.
— ಭಾಂಡುಪ್, ಮುಂಬಯಿ

ಉತ್ತರ: ಎಣ್ಣೆಯ ಆವಿ ಹಳೆಯದಾದಷ್ಟೂ ಗಾಳಿಗೆ ಗಟ್ಟಿಯಾಗಿ ವಾರ್ನಿಶ್‌ನಂತಾಗುತ್ತದೆ. 250 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ ಕದಡಿ. ಬಟ್ಟೆಯನ್ನು ಅದರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಜಿಡ್ಡಿನ ಮೇಲೆ ಅರ್ಧ ನಿಮಿಷ ತಾಗಿಸಿ ಹಿಡಿದು ಎಳೆಯಿರಿ. ಒಂದೇ ಸಲಕ್ಕೆ ಬಿಡದು, ಮೂರು ನಾಲ್ಕು ಸರ್ತಿ ಬೇಕಾದೀತು. ಆಮೇಲೆ ಬರೀ ನೀರಿನ ತೇವದಲ್ಲಿ ಎರಡು ಸಲ ಒರೆಸಿ ಸೋಪಿನ ಅಂಶ ತೆಗೆಯಿರಿ. ಈ ಎರಡು ಸಲವನ್ನು ಬಿಟ್ಟವರೇ ಕಾಮನಬಿಲ್ಲಿನ ಬಣ್ಣದ ಗೆರೆ ಉಳಿಯಿತೆಂದು ಬರೆಯುವುದು. ಅಂಚಿನ ಬಳಿ ಎರಡು ಮಿ.ಮೀ. ಬಿಟ್ಟು ಒರೆಸಿ, ಆ ಸಂದನ್ನು ಕೊನೆಗೆ ಒಣ ಬಟ್ಟೆಯ ತುದಿಯಿಂದ ಮುಗಿಸಿ. ಸ್ಕ್ರೀನಿಗೆ ಹತ್ತಿದ ಎಣ್ಣೆ ಸಿಪಿಯು ಫ್ಯಾನಿಗೂ ಹತ್ತಿ, ಧೂಳು ಹಿಡಿದು ಉಂಡೆಯಾಗಿರುತ್ತದೆ. ಅದನ್ನೂ ಒಮ್ಮೆ ಬಿಚ್ಚಿಸಿ ನೋಡಿಸಿ.

ಪ್ರಶ್ನೆ: ದಿನಾ ವಿರಾರ್ ಲೋಕಲ್‌ನಲ್ಲಿ ಓಡಾಟ. ಲ್ಯಾಪ್‌ಟಾಪ್ ತೆರೆದರೆ ಸ್ಕ್ರೀನ್ ಮೇಲೆ ಕೀಬೋರ್ಡಿನ ಚೌಕ ಚೌಕ ಗುರುತು. ಎರಡು ಬಿಳಿ ಮಚ್ಚೆಯೂ ಇವೆ, ಒರೆಸಿದರೂ ಹೋಗವು.
— ವಸಾಯಿ

ಉತ್ತರ: ಚೌಕದ ಗುರುತು ನಿಮ್ಮ ಬೆರಳಿನ ಎಣ್ಣೆ. ಜನಜಂಗುಳಿಯಲ್ಲಿ ಬ್ಯಾಗ್ ಅದುಮಿದಾಗ ಕೀಲಿಗಳು ಸ್ಕ್ರೀನಿಗೆ ತಾಗಿ ಅಚ್ಚು ಬೀಳುತ್ತದೆ. ಸ್ಕ್ರೀನಿನ ಜೊತೆ ಕೀಲಿಗಳನ್ನೂ ಒರೆಸಿ. ಬಿಳಿ ಮಚ್ಚೆ ಕಲೆಯಲ್ಲ. ಕಲೆ ಸ್ಕ್ರೀನ್ ಆಫ್ ಇದ್ದಾಗ ಎದ್ದು ಕಾಣುತ್ತದೆ. ಆನ್ ಇದ್ದಾಗ ಮಾತ್ರ ಕಾಣುವ ಮಚ್ಚೆ ಒಳಗಿನ ಪದರಗಳು ಒತ್ತಡಕ್ಕೆ ಸಿಕ್ಕಿ ಆದದ್ದು. ಉಜ್ಜಿದರೆ ಹೆಚ್ಚಾದೀತು, ಬಿಟ್ಟುಬಿಡಿ. ಚಾರ್ಜರ್, ಊಟದ ಡಬ್ಬಿ ಮುಚ್ಚಳದ ಕಡೆಗೆ ಬರದಂತೆ ಬೇರೆ ಅರೆಯಲ್ಲಿಡಿ. ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಮುಚ್ಚುವ ಉಪಾಯವೂ ಬೇಡ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟು ಎಡೆಯಿಲ್ಲ, ಆ ಬಟ್ಟೆಯೇ ಸ್ಕ್ರೀನನ್ನು ಒತ್ತುತ್ತದೆ.

ಪ್ರಶ್ನೆ: ಅಂಗಡಿಯ ಮಾನಿಟರಿಗೆ ಹುಡುಗ ನೇರವಾಗಿ ಸ್ಪ್ರೇ ಹೊಡೆದ. ಕೆಳಗಿನ ಅಂಚಿನಿಂದ ಉದ್ದ ಗೆರೆಗಳು ಬರುತ್ತಿವೆ.
— ವ್ಯಾಪಾರಿ, ಮಡಗಾಂವ್

ಉತ್ತರ: ಈಗಿಂದೀಗಲೇ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಹರಿದ ದ್ರವ ಕೆಳಗಿನ ಚೌಕಟ್ಟಿನೊಳಗೆ ಇಳಿದಿದೆ. ಚಿತ್ರ ಮೂಡಿಸುವ ಚಿಪ್‌ಗಳು, ಕೂದಲಿಗಿಂತ ತೆಳುವಾದ ತಂತಿಗಳ ಪಟ್ಟಿಗಳು ಹಲವು ಮಾನಿಟರುಗಳಲ್ಲಿ ಅಲ್ಲೇ ಅಂಟಿರುತ್ತವೆ. ತೇವದ ಜೊತೆ ಕರೆಂಟ್ ಸೇರಿದರೆ ಅವು ಕಿಲುಬು ಹಿಡಿದು ತುಂಡಾಗುತ್ತವೆ. ಮಾನಿಟರನ್ನು ನಿಂತ ಹಾಗೆಯೇ ಇಡಿ. ಅಂಗಾತ ಮಲಗಿಸಿದರೆ ದ್ರವ ಪ್ಯಾನೆಲಿನೊಳಕ್ಕೆ ಹರಡುತ್ತದೆ. ಫ್ಯಾನ್ ಗಾಳಿಗೆ 48 ಗಂಟೆ ಬಿಡಿ. ಗೋವಾದ ಮಳೆಗಾಲವಾದ್ದರಿಂದ ಏಸಿ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು. ಹೇರ್ ಡ್ರೈಯರಿನ ಬಿಸಿ ಒಳಗಿನ ಹಾಳೆಗಳನ್ನು ಸೊಟ್ಟಗಾಗಿಸುತ್ತದೆ, ಅಕ್ಕಿಯಲ್ಲಿ ಹೂಳುವುದರಿಂದ ಹಿಟ್ಟಿನ ಧೂಳಷ್ಟೇ ಲಾಭ. ಎರಡು ದಿನದ ಮೇಲೂ ಗೆರೆ ಇದ್ದರೆ ಪ್ಯಾನೆಲ್ ಬದಲಿಸಬೇಕಾಗಬಹುದು. ರಿಪೇರಿಗೆ ಕೊಡುವ ಮುಂಚೆ ಪ್ಯಾನೆಲಿನ ಬೆಲೆ ಕೇಳಿಕೊಳ್ಳಿ, ಎಷ್ಟೋ ಸಲ ಅದು ಹೊಸ ಮಾನಿಟರಿನ ಹತ್ತಿರಕ್ಕೇ ಬರುತ್ತದೆ.

ಪ್ರಶ್ನೆ: ಮೈಕ್ರೋಫೈಬರ್ ಬಟ್ಟೆಯನ್ನು ವಾಶಿಂಗ್ ಮಶೀನಿಗೆ ಹಾಕಬಹುದೇ? ಈಚೆಗೆ ಅದು ಒರೆಸುವ ಬದಲು ಜಿಡ್ಡನ್ನು ಹರಡುತ್ತಿದೆ.
— ಕೊತ್ರೂಡ್, ಪುಣೆ

ಉತ್ತರ: ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡೀಶನರ್ ಹಾಕಿ ತೊಳೆದಿದ್ದೀರೆಂದು ತೋರುತ್ತದೆ. ಈ ಬಟ್ಟೆಯ ಎಳೆಗಳು ಕೂದಲಿಗಿಂತ ಎಷ್ಟೋ ಸಣ್ಣವು, ಜಿಡ್ಡನ್ನು ಸಂದುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಕಂಡೀಶನರ್ ಆ ಸಂದುಗಳನ್ನೇ ಮುಚ್ಚುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಕೈಯಲ್ಲೇ ಹಿಸುಕಿ ತೊಳೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಎರಡು ಮೂರು ಒಗೆತಕ್ಕೆ ಮೊದಲಿನಂತಾಗುತ್ತದೆ. ಟವೆಲ್, ಬನಿಯನ್ ಜೊತೆ ಮಶೀನಿಗೆ ಹಾಕಿದರೆ ಹತ್ತಿಯ ಹಿಂಜಿಯೆಲ್ಲ ಇದಕ್ಕೆ ಅಂಟುತ್ತದೆ. ಇಸ್ತ್ರಿ ಬೇಡ, ಎಳೆ ಕರಗುತ್ತದೆ. ಮನೆಯೊಳಗೆ ನೆರಳಲ್ಲಿ ಒಣಗಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ಕೈತಪ್ಪಿ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಸ್ಕ್ರೀನಿಗೆ ತಾಗಿಸಬೇಡಿ. ಮೊದಲು ತೊಳೆಯಿರಿ.