ಬ್ಯಾಕ್ಟೀರಿಯಾ, ಈಸ್ಟಿನ ರಿಸರ್ಚು ವಿಜ್ಞಾನ, ಮಕ್ಕಳ ಗಂಡು-ಹೆಣ್ಣಿನ ರಿಸರ್ಚು ಟೈಂಪಾಸಾ?

ನಿಮ್ಮಣ್ಣ ಈಸ್ಟಿಗೆ (ಬ್ರೆಡ್ಡು ಉಬ್ಬಿಸೋ ಸೂಕ್ಷ್ಮಜೀವಿ) ಜೀನ್ ಸೇರಿಸಿ ಕೆಮಿಕಲ್ ತೆಗೆಯೋ ಪಿಎಚ್‌ಡಿ ಮಾಡ್ತಾನ, ತಂಗಿ ಸಣ್ಣ ಮಕ್ಕಳಿಗೆ ತಾವು ಗಂಡು ಇಲ್ಲಾ ಹೆಣ್ಣು ಅನ್ನೋದು ಹೆಂಗ ತಿಳೀತೈತಿ ಅಂತ ನೋಡ್ತಾಳ, ಅಣ್ಣಂದ ಖರೇ ವಿಜ್ಞಾನ ತಂಗಿದು ಟೈಂಪಾಸು ಅಂತ ನಿಮ್ಮ ಮಾವ ಬೈತಾರ, ಹೌದಾ ಅಂತ ಕೇಳೀರಿ. ನಾ ಕೊಪ್ಪಳದಾಗ ಪಿಯುಸಿಗೆ ಬಯಾಲಜಿ ಹೇಳಾಂವ, ಅಣ್ಣನ ಕಡೆ ಮಾತಾಡ್ತೀನಿ ಅನ್ಕೊಂಡಿರ್ತೀರಿ. ಇಲ್ರಿ, ತಂಗಿ ಕೆಲಸನ ಕಠಿಣ.

ಅಣ್ಣಂದು ಸಣ್ಣ ಕೆಲಸ ಅಂತಲ್ಲ ಮತ್ತ. 1978ರಾಗ ಮನುಷ್ಯರ ಇನ್ಸುಲಿನ್ನನ್ನ ಈ. ಕೋಲೈ ಅನ್ನೋ ಬ್ಯಾಕ್ಟೀರಿಯಾಕ್ಕ ಜೀನು ಹಾಕಿ ಅದರ ಕಡಿಂದ ಮಾಡಿಸಿದ್ರು, 1982ಕ್ಕ ಅಮೆರಿಕಾದಾಗ ಮಾರಾಕ ಪರ್ಮಿಷನ್ ಸಿಕ್ತು. ಅದಕ್ಕಿಂತ ಮಜಾ ಇರೋದು ಮಲೇರಿಯಾ ಔಷಧದ ಕಥಿ. ಆರ್ಟಿಮಿಸಿನಿನ್ ಅನ್ನೋ ಆ ಔಷಧ ಒಂದು ಗಿಡದಾಗ ಸಿಗತೈತಿ, ಅಮೆರಿಕಾದ ಬರ್ಕ್ಲಿ ಯೂನಿವರ್ಸಿಟಿಯ ವಿಜ್ಞಾನಿ ಜೇ ಕೀಸ್ಲಿಂಗ್ ಟೀಮು ಆ ಗಿಡದ ಜೀನು ಈಸ್ಟಿಗೆ ಹಾಕಿ 2006ರಾಗ ಔಷಧದ ಹಿಂದಿನ ಹಂತದ ಆಮ್ಲ ತೆಗೀತು. ಈಸ್ಟಿಗೇನು, ತಾ ಬೆಳೆಯೋದಷ್ಟ ಬೇಕು, ಅದಕ್ಕ ಅದು ತನಗಂತ ಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ಮಾಡ್ಕೊಳ್ಳೋ ದಾರಿ ಸಣ್ಣದು ಮಾಡಿ, ಕಾಲುವೆ ನೀರು ತಿರುಗಿಸಿದಂಗ ಇತ್ಲಾಗ ತಿರುಗಿಸಿದ್ರು. 2013ಕ್ಕ ಲೀಟರಿಗೆ 25 ಗ್ರಾಂ ಬಂತು, ಸನೋಫಿ ಕಂಪನಿ ಫ್ಯಾಕ್ಟರಿಯಾಗ ಮಾಡಾಕೂ ಶುರು ಮಾಡ್ತು, ಅಷ್ಟರಾಗ ಗಿಡದಿಂದ ತೆಗೆದ ಔಷಧದ ರೇಟು ಬಿದ್ದು, ಈಸ್ಟಿನಾಗ ಮಾಡಿದ್ದ ತುಟ್ಟಿ ಆತು. ರಾಯಚೂರಿನಾಗ ಹತ್ತಿ ಮಾರಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆದ್ರ ಈಸ್ಟು ಕೆಟ್ರ ಚೆಲ್ಲಿ ಇನ್ನೊಂದು ಫ್ಲಾಸ್ಕು ಇಡಬಹುದು. ಕೂಸಿಗೆ ಹಂಗ ಮಾಡಾಕ ಬರ್ತೈತೇನು?

ಹೋದ ವರ್ಷ ನಮ್ಮೂರಾಗ ಬಯಲಾಟ ಇತ್ತು, ನನ್ನ ತಮ್ಮಂದು ದ್ರೌಪದಿ ಪಾರ್ಟು. ನಾಲ್ಕು ವರ್ಷದ ನನ್ನ ಮಗ ಕಾಕಾ ಸೀರಿ ಉಟ್ಟು ಬಳಿ ಇಟ್ಕೊಂಡದ್ದು ನೋಡಿ ಅಳಾಕ ಹತ್ತಿದ, "ಕಾಕಾ ಚಿಗವ್ವ ಆದ್ನಾ? ನಾಳೆ ಬೈಕ್ ಮ್ಯಾಲೆ ಕರ್ಕೊಂಡು ಹೋಗಂಗಿಲ್ಲೇನು?" ಅಂತ. ಬೆಳಿಗ್ಗೆ ತಮ್ಮ ಬಣ್ಣ ತೊಳ್ಕೊಂಡು ಲುಂಗಿ ಮ್ಯಾಲೆ ಕುಂತು ಚಾ ಕುಡಿಯೋದು ನೋಡಿದ ಮ್ಯಾಲ ಅವಂಗ ಸಮಾಧಾನ. ಅಮೆರಿಕಾದ ಸೈಕಾಲಜಿಸ್ಟು ಲಾರೆನ್ಸ್ ಕೋಲ್‌ಬರ್ಗ್ 1966ರಾಗ ಬರೆದಿದ್ದು ಇದನ್ನ, ಸಣ್ಣವರಿಗೆ ಬಟ್ಟಿ ಕೂದಲಾ ಬದಲಾದ್ರ ಗಂಡು ಹೆಣ್ಣಾಗತೈತಿ ಅನ್ನಿಸ್ತೈತಿ, ಹಂಗೇನಿಲ್ಲ ಅನ್ನೋದು ಆರೇಳು ವರ್ಷದ ಹೊತ್ತಿಗೆ ಗಟ್ಟಿ ಆಗತೈತಿ.

ಕ್ರಿಸ್ಟಿನಾ ಓಲ್ಸನ್ ಅನ್ನೋ ಸೈಕಾಲಜಿಸ್ಟು 2013ರಿಂದ ಅಮೆರಿಕಾ, ಕೆನಡಾದ ಟ್ರಾನ್ಸ್ ಮಕ್ಕಳನ್ನ (ಹುಟ್ಟಿದಾಗ ಗಂಡು ಅಂದ್ರ ತಾ ಹೆಣ್ಣು, ಹೆಣ್ಣು ಅಂದ್ರ ತಾ ಗಂಡು ಅನ್ನೋ ಮಕ್ಕಳು) ವರ್ಷಾನುಗಟ್ಟಲೆ ಫಾಲೋ ಮಾಡ್ಯಾರ, 2018ರಾಗ ಅವರಿಗೆ ಅಮೆರಿಕಾದ ಸರ್ಕಾರಿ ವಿಜ್ಞಾನ ಸಂಸ್ಥೆಯ ವಾಟರ್‌ಮನ್ ಪ್ರಶಸ್ತಿ ಸಿಕ್ತು, ನಿಮ್ಮ ಮಾವನಿಗೆ ಇದನ್ನ ಹೇಳ್ರಿ. 2022ರ ಅವರ ಪೇಪರಿನಾಗ 317 ಮಕ್ಕಳು, ಸುಮಾರು ಐದು ವರ್ಷದ ಮ್ಯಾಲ 94% ಮಕ್ಕಳು ತಾವು ಮೊದಲು ಹೇಳಿದ್ದಕ್ಕ ನಿಂತಿದ್ರು. ಹಂಗಂತ ಅದನ್ನ ಎಲ್ಲಾ ಮಕ್ಕಳಿಗೂ ಹಚ್ಚಾಕ ಬರಂಗಿಲ್ಲ, ಅವೆಲ್ಲ ಮನಿಯವರು ಮೊದಲ ಒಪ್ಪಿಕೊಂಡಿದ್ದ ಮಕ್ಕಳು.

ನಮ್ಮ ಕಡೆ ಹುಲಿಗೆಮ್ಮನ ಜಾತ್ರಿಗೆ ಹೋಗಿ ಗಂಡಾಗಿ ಹುಟ್ಟಿ ಸೀರಿ ಉಟ್ಟು ದೇವಿ ಸೇವಿ ಮಾಡೋ ಜೋಗಪ್ಪಗಳಿಗೆ ಕೈಮುಗೀತೀವಿ, ಹಂಗ ಬದುಕಿದ ಬಳ್ಳಾರಿ ಸೀಮಿ ಕಲಾವಿದೆ ಮಂಜಮ್ಮ ಜೋಗತಿಗೆ 2021ರಾಗ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿದ್ವಿ, ಅದ ಮನಿಯಾಗ ಹುಡುಗ ಕುಂಕುಮ ಹಚ್ಕೊಂಡ್ರ ಹೊಡಿಯಾಕ ಬಡಿಗಿ ಹುಡುಕ್ತೀವಿ.

ತಂಗಿಗೆ ಒಂದ ಹೇಳ್ರಿ, ಎಥಿಕ್ಸ್ ಕಮಿಟಿ (ರಿಸರ್ಚಿನಿಂದ ಯಾರಿಗೂ ತೊಂದ್ರಿ ಆಗಬಾರ್ದು ಅಂತ ನೋಡೋ ಸಮಿತಿ) ಒಪ್ಪಿಗಿ, ಅಪ್ಪ-ಅವ್ವನ ಸಹಿ ಇವಕ್ಕ ತಿಂಗಳಾನುಗಟ್ಟಲೆ ಹಿಡಿಯುತ್ತ, ಈಗಿಂದ ಅರ್ಜಿ ಹಾಕಲಿ. ಅಂಗನವಾಡಿ ಮಕ್ಕಳನ್ನ ಮಾತಾಡ್ಸೋದಿದ್ರ ನನ್ನ ಮಗನ್ನೂ ಕೇಳಲಿ, ಕಾಕಾನ ಸೀರಿ ವಿಷಯ ತೆಗೆದ್ರ ಅರ್ಧ ತಾಸು ಬಿಡಂಗಿಲ್ಲ ಅಂವ.