ಅಪ್ಪನ ಬೆನ್ನಹುಣ್ಣಿಗೆ ಫ್ಲ್ಯಾಪ್ ಆಪರೇಷನ್ ಮಾಡಿಸಬಹುದಾ?

ಹಾಸಿಗೆ ಹಿಡಿದವರಿಗೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣು ಇದು. ನಾಲ್ಕು ತಿಂಗಳ ಡ್ರೆಸಿಂಗ್ ನಂತರವೂ ತಂದೆಯವರ ಹುಣ್ಣು ಮಾಯದಿದ್ದರೆ, ಹೆಚ್ಚಾಗಿ ಅಲ್ಲಿ ಇನ್ನೂ ಭಾರ ಬೀಳುತ್ತಿದೆ, ಇಲ್ಲವೇ ಒಳಗಿನ ಮೂಳೆಗೆ ಸೋಂಕಾಗಿದೆ. ಮೂಳೆಯದ್ದು ಫೋಟೋ ನೋಡಿ ಹೇಳೋಕಾಗಲ್ಲ, ಎಂಆರ್‌ಐ ಬೇಕಾಗಬಹುದು. ಮೊದಲು ಮಣಿಪಾಲದಲ್ಲೋ ಮಂಗಳೂರಲ್ಲೋ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಸತ್ತ ಮಾಂಸ ತೆಗೆದು, ಸೋಂಕು ಹತೋಟಿಗೆ ಬಂದ ಮೇಲೆಯೇ ಪಕ್ಕದ ಚರ್ಮ, ಮಾಂಸ ಸರಿಸಿ ಮುಚ್ಚುತ್ತಾರೆ. ಅದೇ ಫ್ಲ್ಯಾಪ್.

ಅಲ್ಲಿಯವರೆಗೆ ಬರೀ ಗಂಜಿ ಸಾಲದು. ಹುಣ್ಣು ಮಾಯಲು ಪ್ರೋಟೀನ್ ಬೇಕು, ಮೊಟ್ಟೆ, ಮೀನು ಜಾಸ್ತಿ ಕೊಡಿ; ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ನಾವು ಅಮ್ಮನ ಮಂಚದ ಪಕ್ಕ ಗೋಡೆಗೆ ಹಾಳೆ ಅಂಟಿಸಿ, ಗಂಟೆ ಹಾಕಿ ಎಡ, ಬಲ ಅಂತ ಬರೆಯುತ್ತಿದ್ದೆವು. ಎಳೆದರೆ ಚರ್ಮ ಉಜ್ಜುತ್ತದೆ, ಬೆಡ್‌ಶೀಟ್ ಸಮೇತ ಇಬ್ಬರು ಎತ್ತಿ.

ಆಪರೇಷನ್ ಆದ ಮೇಲೆ ಕೆಲವು ವಾರ ಆ ಜಾಗದ ಮೇಲೆ ಮಲಗಿಸಲೇಬಾರದು. ಜ್ವರ, ವಾಸನೆಯ ಕೀವು ಇದ್ದರೆ ಇವತ್ತೇ ಹೋಗಿ.